ಗೋಸುಂಬೆಗೆ ಹಾಕಿದ ನೆಲ

ನಮ್ಮಪ್ಪ ಊರವರ ಮನೆಗಳಿಗೆಲ್ಲ ಮುಖ ಕಾಣುವಂಥ ಕೆಂಪು ನೆಲ ಹಾಕಿಕೊಡುತ್ತಿದ್ದ. ನಮ್ಮ ಮನೆಯ ನೆಲ ಮಾತ್ರ ಮಣ್ಣಿನದು. ಯಲಹಂಕದ ಹಳೇ ಊರಿನಲ್ಲಿ, ಕೆರೆಯ ಕಡೆಗೆ ಇಳಿಯುವ ಓಣಿಯ ಕೊನೆಗೆ ನಮ್ಮ ಮನೆ. ಮುಂದೆ ಇಬ್ಬರು ಕೂರುವಷ್ಟು ಜಗಲಿ, ಒಳಗೆ ನಡುಮನೆ, ಅದರ ಹಿಂದೆ ಹೊಗೆಗೆ ಕಪ್ಪಾದ ಅಡಿಗೆಮನೆ, ಬಾಗಿಲು ದಾಟಿದರೆ ಕೋಳಿಗಳು ಕೆದರಿ ಕೆದರಿ ಗುಂಡಿ ಮಾಡಿದ ಹಿತ್ತಲು. ದಿನ ಬಿಟ್ಟು ದಿನ ಅವ್ವ ಸಗಣಿ ಕಲಸಿ, ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಒಳಗೆಲ್ಲ ಸಾರಿಸುತ್ತಿದ್ದಳು. ಅದು ಒಣಗುವವರೆಗೆ ನಾವು ಜಗಲಿಯಲ್ಲಿ ಕಾಲು ಮೇಲೆತ್ತಿಕೊಂಡು ಕೂತಿರಬೇಕು. ಸಂಜೆ ಅಪ್ಪ ಸೈಕಲ್ಲಿನಿಂದ ಇಳಿದಾಗ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಅವನ ಮೊಣಕಾಲು. ಇಡೀ ದಿನ ಮೊಣಕಾಲೂರಿ ಉಜ್ಜುವ ಕೆಲಸ. ನೆಲಕ್ಕೆ ಹಾಕುವ ಕೆಂಪು ಪುಡಿ ಚರ್ಮದೊಳಕ್ಕೇ ಇಳಿದಿತ್ತು. ಎಷ್ಟು ಸೀಗೆಪುಡಿ ಹಾಕಿ ತಿಕ್ಕಿದರೂ ಅಂಗೈಯ ಗೆರೆಗಳಲ್ಲಿ ಆ ಬಣ್ಣ ಉಳಿಯುತ್ತಿತ್ತು. ಅವನು ಮುದ್ದೆ ಮುರಿಯುವಾಗ ನಾನು ಆ ಗೆರೆಗಳನ್ನೇ ನೋಡುತ್ತಿದ್ದೆ.

ಊಟದ ಹೊತ್ತಿನಲ್ಲಿ ಮಾತಾಡುತ್ತಿದ್ದವನು ಅಪ್ಪ ಒಬ್ಬನೇ. ಆವತ್ತು ಯಾರ ಮನೆಯಲ್ಲಿ ಕೆಲಸ, ಸಿಮೆಂಟು ಹೇಗಿತ್ತು, ಯಾವ ಆಳು ಮಟ್ಟ ತಪ್ಪಿಸಿದ, ಎಷ್ಟು ಸಲ ಕರಣೆ ಎಳೆದ ಮೇಲೆ ಹೊಳಪು ಬಂತು, ಎಲ್ಲವನ್ನೂ ಹೇಳುತ್ತಿದ್ದ. ಅವನ ಪ್ರಕಾರ ಗೋಡೆ ಸೊಟ್ಟಗಿದ್ದರೆ ಜನ ಹೇಗೋ ಹೊಂದಿಕೊಳ್ಳುತ್ತಾರೆ, ನೆಲ ಸರಿಯಿಲ್ಲದ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಕೂರಲಾರರು. ಒಮ್ಮೆ ಒಣಗಿ ಗಟ್ಟಿಯಾದ ನೆಲವನ್ನು ಯಾರೂ ಮುಟ್ಟಬಾರದು ಎನ್ನುವುದು ಅವನ ಕಟ್ಟಳೆ. ಯಜಮಾನರೊಬ್ಬರು ಕಂಬ ನಿಲ್ಲಿಸಲೆಂದು ಅವನು ಹಾಕಿದ ನೆಲ ಒಡೆಸಿದಾಗ ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಅಪ್ಪನ ತಾಯಿ, ನಮ್ಮಜ್ಜಿ, ಗೋಡೆಗೆ ಒರಗಿ ಎಲೆ ಅಡಿಕೆ ಕುಟ್ಟುತ್ತ ಹೂಂಗುಟ್ಟುತ್ತಿದ್ದಳು. ಅವ್ವ ಸಾರು ಬಡಿಸುತ್ತಿದ್ದಳು. ನನ್ನ ಮಾತಿಗೆ ಆ ಮನೆಯಲ್ಲಿ ಬೆಲೆ ಇರಲಿಲ್ಲ ಎಂದರೆ ದೂರು ಹೇಳಿದಂತಾದೀತು. ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಹೋಗಿದ್ದ ರತ್ನಕ್ಕನಿಗಿಂತ ಹತ್ತು ವರ್ಷ ಚಿಕ್ಕವಳು ನಾನು. ಕೇಳಿಸಿಕೊಳ್ಳುವಂಥ ಮಾತನ್ನು ನಾನು ಆಡಿಯೂ ಇರಲಿಲ್ಲ.

ಜಾಲಹಳ್ಳಿಯ ಕಡೆ ಕಾರ್ಖಾನೆಗಳೂ ಅವುಗಳ ಕ್ವಾರ್ಟರ್ಸುಗಳೂ ಏಳುತ್ತಿದ್ದ ಕಾಲ ಅದು. ಅಪ್ಪನಿಗೆ ಅಲ್ಲೇ ಕೆಲಸ. ಗೌರಿ ಹಬ್ಬ ಕಳೆದ ಮೇಲೆ ಒಂದು ಸಂಜೆ ಸೈಕಲ್ಲಿನ ಹಿಂದೆ ಸಿಮೆಂಟು ಹೊರುವ ಬಾಂಡ್ಲಿ ಕಟ್ಟಿಕೊಂಡು ಬಂದ. ಅದರ ಮೇಲೆ ಇನ್ನೊಂದು ಬಾಂಡ್ಲಿ ಮುಚ್ಚಿ ಹುರಿ ಬಿಗಿದಿತ್ತು. ಬಿಚ್ಚಿ ನೋಡಿದರೆ ಒಳಗೊಂದು ಗೋಸುಂಬೆ. ಬೇಲಿ ಕಡಿಯುವಾಗ ಕೆಳಗೆ ಬಿತ್ತಂತೆ, ಆಳುಗಳು ಕಲ್ಲೆತ್ತಿಕೊಂಡರಂತೆ, ಅಪ್ಪ ಬಾಂಡ್ಲಿ ಮುಚ್ಚಿ ಅದರ ಮೇಲೆ ಕೂತುಬಿಟ್ಟನಂತೆ. ಮುಂಗಾಲಿಗೆ ಮಚ್ಚು ತಾಗಿ ಗಾಯವಾಗಿತ್ತು.

"ಕಾಲು ವಾಸಿಯಾಗೋಗಂಟ ಇರ್ಲಿ," ಎಂದ ಅಪ್ಪ. "ಆಮೇಲೆ ಬಿಟ್ಬಿಡಾನ."

"ಮನೇಗೆ ಗೋಸುಂಬೆ ತರ್ತಾರೇನ್ಲಾ ಯಾರಾನ?" ಅಜ್ಜಿ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದಳು. "ಅದು ಕಚ್ಚಿದ್ರೆ ಮದ್ದಿಲ್ಲ ಕಣ್ಲಾ."

"ಕಚ್ಚೋ ಜೀವ ಅಲ್ಲ ಕಣವ್ವ ಅದು. ನೋಡು, ಎಂಗೆ ನಡುಗ್ತೈತೆ."

ನಾನು ಬಗ್ಗಿ ನೋಡಿದೆ. ಬಾಂಡ್ಲಿಯ ಬೂದು ಬಣ್ಣಕ್ಕೆ ತಿರುಗಿ, ಬಾಲ ಸುರುಳಿ ಸುತ್ತಿಕೊಂಡು, ಅದು ಒಂದು ಕಣ್ಣಿನಲ್ಲಿ ಅಜ್ಜಿಯನ್ನೂ ಇನ್ನೊಂದು ಕಣ್ಣಿನಲ್ಲಿ ನನ್ನನ್ನೂ ನೋಡುತ್ತಿತ್ತು. ನಾನು ಕೈ ಮುಂದಿಟ್ಟೆ. ಇಕ್ಕಳದಂಥ ಪಾದಗಳಲ್ಲಿ ನನ್ನ ಬೆರಳನ್ನು ಒಂದೊಂದಾಗಿ ಹಿಡಿಯುತ್ತ, ಪ್ರತಿ ಹೆಜ್ಜೆಗೂ ಮುಂದಕ್ಕೂ ಹಿಂದಕ್ಕೂ ತೂಗಾಡುತ್ತ, ಮೊಣಕೈವರೆಗೆ ಏರಿ ಬಂತು. ಆವತ್ತಿನಿಂದ ಅದು ನನ್ನದು. ಇಂಥ ಜೀವಿಗಳನ್ನು ಮನೆಯಲ್ಲಿಟ್ಟುಕೊಳ್ಳಲು ಈಗ ಕಾನೂನು ಬಿಡುವುದಿಲ್ಲ, ಬಿಡದಿರುವುದೇ ಸರಿ. ಆಗ ನಮಗೆ ಅದೊಂದೂ ಗೊತ್ತಿರಲಿಲ್ಲ. ಒಂದು ಕಣ್ಣು ಕೆಲಸದ ಮೇಲೆ, ಇನ್ನೊಂದು ಕಣ್ಣು ಆಳುಗಳ ಮೇಲೆ ಎಂದು ನಗುತ್ತ ಅಪ್ಪ ಅದಕ್ಕೆ ಮೇಸ್ತ್ರಿ ಎಂದು ಹೆಸರಿಟ್ಟ. ಗಂಡೋ ಹೆಣ್ಣೋ ಎಂದು ಯಾರೂ ಯೋಚಿಸಲಿಲ್ಲ.

ಕಾರ್ಖಾನೆಗೆ ಯಂತ್ರ ತುಂಬಿಕೊಂಡು ಬಂದಿದ್ದ ಮರದ ಪೆಟ್ಟಿಗೆಯೊಂದನ್ನು ಅಪ್ಪ ತಂದ. ನನ್ನ ಸೊಂಟದೆತ್ತರ ಇತ್ತು. ಮುಂಭಾಗಕ್ಕೆ ಹಳೆಯ ಮರಳು ಜರಡಿಯ ತಂತಿಬಲೆ ಹೊಡೆದು, ಒಳಗೆ ಹೊಂಗೆಯ ಕೊಂಬೆ ನಿಲ್ಲಿಸಿದೆವು. ಹಿತ್ತಲಿನ ಮಾಡಿನ ಕೆಳಗೆ ಅದರ ಜಾಗ. ಎಲ್ಲ ಸರಿಯಾಯಿತು, ಕೆಳಗೆ ಏನು ಹಾಸುವುದು ಎಂಬುದೊಂದು ಉಳಿಯಿತು. ಬರೀ ಹಲಗೆ ಇದ್ದರೆ ನೀರು ಚಿಮುಕಿಸಿದಾಗ ನೆನೆದು ನಾರುತ್ತದೆ ಎಂದ ಅಪ್ಪ. ಮನೆಯ ಮುಂದೆ ಅವನು ಕೆಲಸಕ್ಕೆಂದು ತರಿಸಿದ್ದ ಮರಳಿನ ಗುಡ್ಡೆ ಇತ್ತು, ನಾನು ಎರಡು ಬೊಗಸೆ ತಂದು ಹರಡಿದೆ. ನೋಡಲು ಚೆಂದ. ಮಾರನೆಯ ದಿನ ಒಂದು ಮಿಡತೆ ಬಿಟ್ಟೆ. ಮೇಸ್ತ್ರಿ ಕೊಂಬೆಯ ಮೇಲಿಂದಲೇ ನಾಲಿಗೆ ಎಸೆಯಿತು. ಅದರ ಮೈಯುದ್ದಕ್ಕಿಂತಲೂ ಹೆಚ್ಚಿದ್ದ ಆ ನಾಲಿಗೆ ಮಿಡತೆಯನ್ನು ತಪ್ಪಿ ಮರಳಿಗೆ ಬಡಿದು, ಬಾಯ್ತುಂಬ ಮರಳು ಹೊತ್ತು ವಾಪಸ್ಸು ಹೋಯಿತು. ಇಡೀ ದಿನ ಅದು ಬಾಯಿ ತೆರೆದುಕೊಂಡೇ ಕೂತಿತ್ತು. ಅವ್ವ ಒದ್ದೆ ಬಟ್ಟೆಯ ತುದಿಯನ್ನು ಬತ್ತಿಯಂತೆ ಹೊಸೆದುಕೊಟ್ಟಳು. ಅದರಲ್ಲಿ ಒಂದೊಂದೇ ಮರಳಿನ ಕಾಳನ್ನು ಒರೆಸಿ ತೆಗೆದೆ. ಆಮೇಲೆ ರಾಗಿಹುಲ್ಲು ಹಾಸಿದೆ. ಮಿಡತೆಗಳು ಹುಲ್ಲಿನಡಿ ಅಡಗಿ ಕೂತವು, ಕೆಂಜಿಗ ಬಂದವು, ಮೇಸ್ತ್ರಿ ಉಪವಾಸ ಬಿತ್ತು. ಅವ್ವ ತಾನು ಸಾರಿಸುವಾಗ ಉಳಿದ ಸಗಣಿಯಲ್ಲಿ ಹಲಗೆಯನ್ನೂ ಸಾರಿಸಿ ನೋಡಿದಳು. ಮೂರೇ ದಿನಕ್ಕೆ ಬೂಷ್ಟು ಹಿಡಿಯಿತು.

ಇದನ್ನೆಲ್ಲ ನೋಡುತ್ತಿದ್ದ ಅಪ್ಪನಿಗೆ ಒಂದು ಭಾನುವಾರ ತಡೆಯಲಾಗಲಿಲ್ಲ.

"ಸರೀರಿ ಎಲ್ಲ. ನೆಲ ಅಂದ್ರೆ ಏನು ಅಂತ ನಾನ್ ತೋರಿಸ್ತೀನಿ."

ಹಲಗೆಯ ಮೇಲೆ ಎರಡು ಬೆರಳು ದಪ್ಪ ಗಾರೆ ಹಾಕಿ, ಅದರ ಮೇಲೆ ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ ಎಳೆದ. ಮೂಲೆಗಳನ್ನು ಹೆಬ್ಬೆರಳಿನಲ್ಲೇ ತೀಡಿದ. ಒಂದು ವಾರ ನೀರು ನಿಲ್ಲಿಸಿ, ಆಮೇಲೆ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿದ. ಪೆಟ್ಟಿಗೆಯೊಳಗೆ ಬಗ್ಗಿದರೆ ನನ್ನ ಮುಖ ಕಾಣುತ್ತಿತ್ತು. ಒರೆಸಿದರೆ ಒಂದೇ ಸಲಕ್ಕೆ ಶುಭ್ರ. ಮಿಡತೆಗೆ ಅಡಗಲು ಜಾಗವಿಲ್ಲ, ನಾಲಿಗೆಗೆ ಅಂಟಲು ಕಸವಿಲ್ಲ. ಅಪ್ಪ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದ. ಆ ರಾತ್ರಿ ಊಟಕ್ಕೆ ಕೂತಾಗ ಅವ್ವ ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ನಿಂತಳು.

"ನಾನು ಈ ಮನೇಗೆ ಬಂದು ಇಪ್ಪತ್ತು ವರ್ಷ ಆಯ್ತು. ದಿನಾ ಸಗಣಿ ಎತ್ತಿ ಸಾರಿಸ್ತಾ ಇವ್ನಿ. ಅಡಿಗೆಮನೇಗೊಂದು ನೆಲ ಆಕು ಅಂದ್ರೆ ನಾಳೆ ನಾಡಿದ್ದು ಅಂತೀಯ. ಈಗ ನೋಡಿದ್ರೆ ಗೋಸುಂಬೆಗೆ ನೆಲ ಆಕಿದ್ದೀಯ."

"ಅದು ಒಂದು ಮೊಳದ ಜಾಗ ಕಣೆ. ಉಳಿದ ಪುಡೀಲಿ ಆಕ್ದೆ."

"ಅಂಗಾದ್ರೆ ನನ್ನೂ ಒಂದು ಪೆಟ್ಟಿಗೇಲಿ ಕೂರ್ಸು."

ಅವಳು ಕೇಳುವುದು ನ್ಯಾಯವೇ ಎಂದಳು ಅಜ್ಜಿ. ಅಜ್ಜಿ ಸೊಸೆಯ ಪರವಾಗಿ ಮಾತಾಡಿದ್ದನ್ನು ನಾನು ಕಂಡದ್ದು ಆವತ್ತೇ ಮೊದಲು. ಮೂರು ದಿನ ಅವ್ವ ಅಪ್ಪನ ತಟ್ಟೆಗೆ ಮಾತಿಲ್ಲದೆ ಮುದ್ದೆ ಇಟ್ಟಳು. ನಾಲ್ಕನೆಯ ದಿನ ಅಪ್ಪ ಅಡಿಗೆಮನೆಯನ್ನು ಮೊಳದ ಲೆಕ್ಕದಲ್ಲಿ ಅಳೆದು ಹೋದ. ಆದರೆ ಅಷ್ಟರಲ್ಲಿ ಏಳು ತಿಂಗಳ ಬಸುರಿ ರತ್ನಕ್ಕ ಹೆರಿಗೆಗೆಂದು ತವರಿಗೆ ಬಂದಳು, ನೆಲದ ಮಾತು ಹಿಂದೆ ಬಿತ್ತು. ಅಜ್ಜಿಯ ಗಮನ ಮತ್ತೆ ಪೆಟ್ಟಿಗೆಯ ಕಡೆ ತಿರುಗಿತು. ಬಸುರಿ ಹೆಂಗಸು ಗೋಸುಂಬೆ ನೋಡಿದರೆ ಹುಟ್ಟುವ ಮಗುವಿನ ಮೈಬಣ್ಣ ಒಂದೇ ತೆರನಾಗಿ ನಿಲ್ಲುವುದಿಲ್ಲ ಎಂದು ಅವಳು ನಂಬಿದ್ದಳು. ಊರಿನ ಅರ್ಧ ಮಕ್ಕಳನ್ನು ತನ್ನ ಕೈಯಲ್ಲೇ ಹೆರಿಗೆ ಮಾಡಿಸಿ ಎತ್ತಿಕೊಂಡಿದ್ದ ಅಜ್ಜಿಯ ಮಾತು. ಎದುರು ಹೇಳುವವರು ಯಾರು? ಪೆಟ್ಟಿಗೆಗೆ ಗೋಣಿಚೀಲ ಹೊದಿಸಿದರು. ಅಕ್ಕ ಹಿತ್ತಲಿಗೆ ಹೋಗುವಾಗ ಮುಖ ಆಚೆ ತಿರುಗಿಸಬೇಕೆಂದು ಕಟ್ಟಪ್ಪಣೆಯಾಯಿತು. ಮೇಸ್ತ್ರಿಯ ಕಾಲು ಆಗಲೇ ವಾಸಿಯಾಗಿತ್ತು. ಬಿಡೋಣ ಎಂದು ಅಪ್ಪ ಎರಡು ಸಲ ಹೇಳಿದ. ಎರಡು ಸಲವೂ ನಾನು ಅತ್ತು ಉಳಿಸಿಕೊಂಡೆ.

ದೀಪಾವಳಿ ಮುಗಿದು ಹಿತ್ತಲಿನ ಅವರೆ ಬಳ್ಳಿ ಹೂ ಬಿಡುವ ಹೊತ್ತಿಗೆ ಮೇಸ್ತ್ರಿಗೆ ಏನೋ ಆಯಿತು. ತಿಂದು ತಿಂದು ದಪ್ಪಗಾಗಿದ್ದ ಅದು ಇದ್ದಕ್ಕಿದ್ದಂತೆ ತಿನ್ನುವುದನ್ನು ಬಿಟ್ಟಿತು. ಹಸಿರು ಹೋಗಿ ಕಪ್ಪಗಾಯಿತು, ಕಪ್ಪಿನ ಮೇಲೆ ಹಳದಿ ಚುಕ್ಕಿ. ಯಾವತ್ತೂ ಕೊಂಬೆ ಬಿಟ್ಟು ಇಳಿಯದಿದ್ದದ್ದು ಈಗ ಕೆಳಗೇ ಇರುತ್ತಿತ್ತು. ಬಲಗಡೆಯ ಮೂಲೆಗೆ ಹೋಗಿ ಮುಂಗಾಲುಗಳಿಂದ ಕೆಂಪು ನೆಲವನ್ನು ಕೆರೆಯುವುದು, ಸ್ವಲ್ಪ ಹೊತ್ತು ಸುಮ್ಮನಿರುವುದು, ಎಡಗಡೆಯ ಮೂಲೆಗೆ ಹೋಗಿ ಮತ್ತೆ ಕೆರೆಯುವುದು. ಎಣ್ಣೆ ಹಾಕಿದ ನೆಲದ ಮೇಲೆ ಅದರ ಕಾಲು ಜಾರುತ್ತಿತ್ತು. ಮೂರನೆಯ ದಿನ ಉಗುರಿನಿಂದ ರಕ್ತ ಬಂತು. ಅಜ್ಜಿ ಗೋಣಿಚೀಲ ಎತ್ತಿ ನೋಡಿ ಹಾಗೇ ಬಿಟ್ಟಳು.

"ಸಾಯ್ತೈತೆ ಅದು. ಬಸುರಿ ಇರೋ ಮನೇಲಿ ಅದು ಸಾಯ್ಬಾರ್ದು. ನಾಳೆ ಬೆಳಿಗ್ಗೆ ಪುಟ್ಟೇನಹಳ್ಳಿ ಕೆರೆ ತಾವ ಬಿಟ್ಬಾ," ಎಂದಳು ಅಪ್ಪನಿಗೆ.

ಅಪ್ಪ ನನ್ನ ಮುಖ ನೋಡಲಿಲ್ಲ. ಆಗಲಿ ಎಂದ.

ಬೆಳಿಗ್ಗೆ ಕೆಲಸಕ್ಕೆ ತುರ್ತಾಗಿ ಕರೆ ಬಂದದ್ದರಿಂದ ಸಂಜೆ ಬಂದು ಬಿಡುತ್ತೇನೆಂದು ಹೇಳಿ ಅಪ್ಪ ಹೋದ. ನಾನು ಹೊಟ್ಟೆನೋವೆಂದು ಶಾಲೆ ತಪ್ಪಿಸಿದೆ. ಕೊನೆಯ ಸಲ ಅದಕ್ಕೆ ಎಲೆಗಳ ಮೇಲಿನ ನೀರು ಕುಡಿಸೋಣವೆಂದು ಮೇಸ್ತ್ರಿಯನ್ನು ಹೊರಗೆ ತಂದು ಅವರೆ ಬಳ್ಳಿಯ ಮೇಲೆ ಬಿಟ್ಟೆ. ಅದು ನೀರಿನ ಕಡೆ ನೋಡಲೇ ಇಲ್ಲ. ನೇರ ಕೆಳಗಿಳಿದು, ತೂಗಾಡುವ ನಡಿಗೆಯನ್ನೂ ಬಿಟ್ಟು ಅವಸರವಸರವಾಗಿ, ಅಪ್ಪ ಜರಡಿ ಹಿಡಿದು ಬಿಟ್ಟಿದ್ದ ಮಣ್ಣಿನ ಗುಡ್ಡೆಗೆ ಹೋಯಿತು. ಹೋದದ್ದೇ ತೋಡತೊಡಗಿತು. ಮಣ್ಣು ಹಿಂದಕ್ಕೆ ಹಾರುತ್ತಿತ್ತು. ನಾಲ್ಕು ದಿನ ಸಾಯುತ್ತಿದೆ ಎಂದುಕೊಂಡಿದ್ದ ಜೀವ ಆಳುಮಗನಂತೆ ದುಡಿಯುತ್ತಿತ್ತು. ನಾನು ಬೆರಗಾಗಿ ನೋಡುತ್ತಿರುವಾಗಲೇ ನಮ್ಮ ಕೆಂಪು ಹೇಂಟೆ ಓಡಿಬಂದು ಅದರ ಬೆನ್ನಿಗೆ ಕುಕ್ಕಿತು. ನಾನು ಎರಡೂ ಕೈಯಲ್ಲಿ ಮೇಸ್ತ್ರಿಯನ್ನು ಬಾಚಿಕೊಂಡೆ. ಹಾಗೆ ಹೊಟ್ಟೆಯಡಿಗೆ ಕೈ ಕೊಟ್ಟಾಗ ಬೆರಳಿಗೆ ಏನೋ ತಾಗಿತು. ಚರ್ಮದೊಳಗೆ ಸಾಲಾಗಿ, ಅವರೆಕಾಳಿನಂತೆ ಗುಂಡು ಗುಂಡಾಗಿ.

ನಾನು ಒಳಗೆ ಓಡಿದೆ. ಅಜ್ಜಿ ಜಗಲಿಯಲ್ಲಿದ್ದಳು. ಅಕ್ಕ ನಡುಮನೆಯಲ್ಲಿ ಕಾಲು ಚಾಚಿ ಕೂತಿದ್ದಳು. ಮುಖ ತಿರುಗಿಸಬೇಕೆಂಬುದು ಅವಳಿಗೂ ಮರೆಯಿತು, ನನಗೂ ಮರೆಯಿತು.

"ಅಕ್ಕ, ಇದ್ರ ಒಟ್ಟೆ ಮುಟ್ಟಿ ನೋಡು."

ಅಕ್ಕ ಒಂದು ಗಳಿಗೆ ಹಿಂಜರಿದಳು. ಆಮೇಲೆ ಬೆರಳ ತುದಿಯಲ್ಲಿ ಸವರಿದಳು. ಅವಳ ಕಣ್ಣು ಅಗಲವಾಯಿತು.

"ಮೊಟ್ಟೆ ಕಣೆ ಗೌರಿ! ಇದಕ್ಕೆ ದಿನ ತುಂಬೈತೆ."

"ಅಂಗಾದ್ರೆ ಇದು ಸಾಯ್ತಿಲ್ಲ?"

"ಇಂಗೇ ಬಿಟ್ರೆ ಸಾಯ್ತದೆ. ಮೊಟ್ಟೆ ಇಕ್ಕೋಕೆ ಜಾಗ ಉಡುಕ್ತೈತೆ ಅದು."

ಮೊದಲು ನಾನು ಕೆಂಪು ನೆಲದ ಮೇಲೆಯೇ ಮಣ್ಣು ಸುರಿದೆ. ಪೆಟ್ಟಿಗೆಯ ಮುಂದೆ ತಂತಿಬಲೆಯ ಕೆಳಗಿದ್ದ ಮರದ ಪಟ್ಟಿ ಗಿಡ್ಡ. ನಾಲ್ಕು ಬೆರಳಿಗಿಂತ ಹೆಚ್ಚು ನಿಲ್ಲಲಿಲ್ಲ. ಮೇಸ್ತ್ರಿ ಇಳಿದು ತೋಡಿತು. ತೋಡಿದ ಸ್ವಲ್ಪಕ್ಕೇ ಉಗುರು ಸಿಮೆಂಟಿಗೆ ಕರ್ ಎಂದಿತು. ಹೊರಗೆ ಬಂದು ಇನ್ನೊಂದು ಮೂಲೆಯಲ್ಲಿ ತೋಡಿತು, ಅಲ್ಲೂ ಕರ್ ಎಂದಿತು. ಮೂರನೆಯ ಸಲ ಅದು ತೋಡಲಿಲ್ಲ. ಕಣ್ಣು ಮುಚ್ಚಿಕೊಂಡು ಮಣ್ಣಿನ ಮೇಲೆ ಒರಗಿತು. ಆಗ ನನಗೆ ಗೊತ್ತಾಯಿತು. ಮೇಲೆ ಏನು ಹಾಸಿದರೂ ಆಗುವುದಿಲ್ಲ. ಇದಕ್ಕೆ ಬೇಕಾದದ್ದು ಆಳ. ಪೆಟ್ಟಿಗೆಗೆ ತಳವೇ ಇರಬಾರದು, ಕೆಳಗಿನ ಭೂಮಿಯೇ ಅದರ ನೆಲವಾಗಬೇಕು. ಅಂದರೆ ಅಪ್ಪನ ನೆಲ ಹೋಗಬೇಕು. ನಾನು ಮೇಸ್ತ್ರಿಯನ್ನು ಬುಟ್ಟಿಯಲ್ಲಿ ಮುಚ್ಚಿ ಅಕ್ಕನ ಬಳಿ ಇಟ್ಟೆ. ಅಪ್ಪನ ಹಳೆಯ ಚೀಲದಿಂದ ಉಳಿ, ಸುತ್ತಿಗೆ ತಂದೆ. ಮೊದಲ ಏಟಿಗೆ ಉಳಿ ಜಾರಿ ಗೀರು ಬಿತ್ತು. ಎರಡನೆಯ ಏಟಿಗೆ ಬಿರುಕು ಬಿಟ್ಟಿತು. ಸದ್ದು ಕೇಳಿ ಅಜ್ಜಿ ಬಂದಳು.

"ಅಯ್ಯೋ ನಿನ್ ಕೈ ಸೇದೋಗ! ನಿಮ್ಮಪ್ಪ ಬಂದ್ರೆ ಸುಮ್ನೆ ಬಿಡ್ತಾನಾ?"

ನಾನು ನಿಲ್ಲಿಸಲಿಲ್ಲ. ಅವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿತ್ತೋ ನಗುವಿತ್ತೋ ನನಗೆ ತಿಳಿಯಲಿಲ್ಲ. ತಡೆಯಲಂತೂ ಇಲ್ಲ. ಗಾರೆ ಎದ್ದಿತು, ಹಲಗೆ ಕಿತ್ತುಬಂತು. ಅಂಗೈಯಲ್ಲಿ ಬೊಬ್ಬೆ ಬಂದವು. ಬಿಸಿಲು ಇನ್ನೂ ಇರುವಾಗಲೇ ಅಪ್ಪ ಬಂದ. ಅಜ್ಜಿ ಅವನು ಸೈಕಲ್ ನಿಲ್ಲಿಸುವುದಕ್ಕೂ ಬಿಡದೆ ಹಿತ್ತಲಿಗೆ ಕರೆತಂದಳು. ಅವನ ಎದುರಿಗೆ ಕೆಂಪು ಚಕ್ಕೆಗಳ ರಾಶಿ, ನನ್ನ ಕೈಯಲ್ಲಿ ಅವನದೇ ಉಳಿ.

"ಯಾರು ಒಡ್ದಿದ್ದು?"

"ನಾನೇ."

ಅವನ ಕತ್ತಿನ ನರ ಉಬ್ಬಿತು. ಏಟು ಬೀಳುತ್ತದೆಂದು ನಾನು ಹೆಗಲು ಎತ್ತಿಕೊಂಡೆ. ಬೀಳಲಿಲ್ಲ.

"ಯಾಕೆ?"

ನನ್ನನ್ನು ಯಾರಾದರೂ ಯಾಕೆ ಎಂದು ಕೇಳಿದ್ದು ನನಗೆ ನೆನಪಿರಲಿಲ್ಲ. ನಾನು ಹೇಳಿದೆ. ಅದು ಮಣ್ಣಿನ ಗುಡ್ಡೆಗೆ ಓಡಿದ್ದು, ಹೊಟ್ಟೆಯಲ್ಲಿ ಕಾಳಿನಂತೆ ಸಿಕ್ಕಿದ್ದು, ಅಕ್ಕ ಮುಟ್ಟಿ ನೋಡಿದ್ದು, ನಾಲ್ಕು ಬೆರಳು ಮಣ್ಣು ಸಾಲದೆ ಹೋದದ್ದು. ಅಕ್ಕ ಮುಟ್ಟಿದಳೆಂದಾಗ ಅಜ್ಜಿ ಎದೆ ಹಿಡಿದುಕೊಂಡಳು. ಅಪ್ಪ ಕುಕ್ಕರುಗಾಲಿನಲ್ಲಿ ಕೂತು ಚಕ್ಕೆಗಳಲ್ಲಿ ಕೈಯಾಡಿಸಿ, ಮೂಲೆಯ ಒಂದು ತುಂಡನ್ನು ಎತ್ತಿಕೊಂಡ. ಅದರ ಹೊಳಪಿನ ಮೇಲೆ ಕೂದಲೆಳೆಯಂಥ ನೂರಾರು ಗೀರುಗಳಿದ್ದವು, ಒಣಗಿದ ರಕ್ತವಿತ್ತು. ಅವನು ಹೆಬ್ಬೆರಳಿನಲ್ಲಿ ಆ ಗೀರುಗಳನ್ನು ತುಂಬ ಹೊತ್ತು ಸವರಿದ. ಆಮೇಲೆ ತುಂಡನ್ನು ಪಕ್ಕಕ್ಕಿಟ್ಟು, ನನ್ನ ಕಡೆ ತಿರುಗಿ, ಕೆಲಸ ಕೊಡುವ ಯಜಮಾನರನ್ನು ಕೇಳುವ ದನಿಯಲ್ಲೇ ಕೇಳಿದ.

"ಎಷ್ಟು ಆಳ ಬೇಕು?"

ನಾನು ಮೊಣಕೈಯಿಂದ ಬೆರಳ ತುದಿಯವರೆಗೆ ತೋರಿಸಿದೆ.

"ಒಂದು ಮೊಳ. ಸರಿ. ಗುದ್ದಲಿ ತತ್ತಾ."

ಪೆಟ್ಟಿಗೆ ನಿಲ್ಲುವ ಅಗಲಕ್ಕೆ ಅವನು ಗುಂಡಿ ತೆಗೆದ. ಅಲ್ಲಿದ್ದ ಮಣ್ಣನ್ನೇ ತಿರುಗಿ ತುಂಬಬಹುದೆಂದು ನಾನೆಂದುಕೊಂಡಿದ್ದೆ. ಅಪ್ಪ ಒಂದು ಹಿಡಿ ಎತ್ತಿ ಮುಷ್ಟಿಯಲ್ಲಿ ಹಿಸುಕಿ ತಲೆಯಾಡಿಸಿದ. ಬರೀ ಕೆಂಪು ಮಣ್ಣು ಅದರ ಉಗುರಿಗೆ ಗಟ್ಟಿ, ಬರೀ ಮರಳು ತೋಡಿದರೆ ಮೈಮೇಲೇ ಕುಸಿಯುತ್ತದೆ ಎಂದ. ಮೂರು ಬಾಂಡ್ಲಿ ತಂದು ಮೂರು ಬಗೆಯಲ್ಲಿ ಕಲಸಿದ. ಒಂದರಲ್ಲಿ ಮರಳು ಹೆಚ್ಚು, ಇನ್ನೊಂದರಲ್ಲಿ ಮಣ್ಣು ಹೆಚ್ಚು, ಮೂರನೆಯದರಲ್ಲಿ ಮರಳು, ಮಣ್ಣು, ಜೊತೆಗೆ ನಮ್ಮ ಅವರೆ ಪಾತಿಗೆ ಕೆರೆಯಿಂದ ತಂದಿದ್ದ ಹೂಳು, ಕೆರೆಗೋಡು. ಮೂರಕ್ಕೂ ಕೈಯಲ್ಲೇ ಅಳೆದು ನೀರು ಚಿಮುಕಿಸಿದ. ಆಗ ಅವ್ವ ಯಾರೂ ಕೇಳದೆಯೇ ಒಲೆಯ ಮುಂದಿನ ಊದುಗೊಳವೆ ತಂದು ನನ್ನ ಕೈಗೆ ಕೊಟ್ಟಳು.

"ಇದ್ರಲ್ಲಿ ಚುಚ್ಚಿ ನೋಡು. ತೂತು ನಿಂತ್ರೆ ಸುರಂಗಾನೂ ನಿಲ್ತದೆ."

ಮೊದಲ ಬಾಂಡ್ಲಿಯಲ್ಲಿ ಚುಚ್ಚಿ ತೆಗೆದೆ. ತೂತು ಅಲ್ಲೇ ಮುಚ್ಚಿಹೋಯಿತು. ಎರಡನೆಯದರಲ್ಲಿ ಊದುಗೊಳವೆ ಇಳಿಯಲೇ ಇಲ್ಲ. ಮೂರನೆಯದರಲ್ಲಿ ಮೆತ್ತಗೆ ಇಳಿಯಿತು, ತೆಗೆದ ಮೇಲೆ ತೂತು ಹಾಗೇ ಬಾಯ್ತೆರೆದು ನಿಂತಿತು, ಬೆರಳು ತಾಗಿಸಿದರೆ ಅಂಚು ಪುಡಿಯಾಯಿತು.

"ಇದು," ಎಂದೆ.

"ಇದೇನಾ?"

"ಇದೇ."

ಅಪ್ಪ ಅದೇ ಪಾಕದಲ್ಲಿ ಗುಂಡಿ ತುಂಬಿಸಿದ. ನಾನು ಕರಣೆ ಹಿಡಿದು ಮಟ್ಟ ಮಾಡಿದೆ. ದೀಪ ಹಚ್ಚುವ ಮೊದಲು ತಳವಿಲ್ಲದ ಪೆಟ್ಟಿಗೆ ಅದರ ಮೇಲೆ ಕೂತಿತು.

ಮಾರನೆಯ ಬೆಳಿಗ್ಗೆ ಬಿಸಿಲು ಏರುತ್ತಲೇ ಮೇಸ್ತ್ರಿ ಇಳಿದು ಬಂತು. ಒಂದು ಸುತ್ತು ಹಾಕಿ ಬಲಗಡೆಯ ಮೂಲೆ ಆರಿಸಿಕೊಂಡಿತು. ಅಕ್ಕ ಈಗ ರಾಜಾರೋಷವಾಗಿ ಪೆಟ್ಟಿಗೆಯ ಮುಂದೆಯೇ ಮಣೆ ಹಾಕಿಕೊಂಡು ಕೂತಿದ್ದಳು. ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ಒಳಗೆ ಹೋಗಿ ಬಾಲವೊಂದೇ ಕಾಣುತ್ತಿತ್ತು. ಸುರಂಗ ಕುಸಿಯಲಿಲ್ಲ. ಸಂಜೆಗೆ ಅದು ಒಳಗೇ ತಿರುಗಿ, ಮುಖವನ್ನಷ್ಟೇ ಹೊರಗಿಟ್ಟು ಕೂತಿತು. ಮರುದಿನ ಬೆಳಿಗ್ಗೆ ನಾವೆಲ್ಲ ಹೋಗಿ ನೋಡಿದಾಗ ಹೊರಗೆ ಬಂದಿತ್ತು. ಉಬ್ಬಿದ್ದ ಹೊಟ್ಟೆ ಖಾಲಿ ಚೀಲದಂತೆ ಜೋತುಬಿದ್ದಿತ್ತು. ಆ ನಿತ್ರಾಣದಲ್ಲೂ ಅದು ಮಣ್ಣನ್ನು ಹಿಂದಕ್ಕೆ ಎಳೆದು ಸುರಂಗ ಮುಚ್ಚುತ್ತಿತ್ತು. ಮುಚ್ಚಿದ ಮೇಲೆ ಹಿಂಗಾಲುಗಳಿಂದ ಒತ್ತಿ ಒತ್ತಿ ಮಟ್ಟ ಮಾಡುತ್ತಿತ್ತು. ಮುಗಿದಾಗ ಎಲ್ಲಿ ತೋಡಿತ್ತೆಂದು ಹೇಳಲಾಗುತ್ತಿರಲಿಲ್ಲ.

"ನಮ್ಮ ಆಳುಗಳಿಗೆ ಕಲಿಸ್ಬೇಕು ಇದು," ಎಂದ ಅಪ್ಪ. "ಮೇಸ್ತ್ರಿ ಅಲ್ಲ, ಮೇಸ್ತ್ರಮ್ಮ."

ನಾವು ಕುಣಿದಾಡುತ್ತಿದ್ದೆವು. ಕಂಬಕ್ಕೆ ಒರಗಿ ದೂರದಲ್ಲೇ ನಿಂತಿದ್ದ ಅಜ್ಜಿ ಒಮ್ಮೆಗೇ ಗದರಿದಳು.

"ಏನ್ ನೋಡ್ತಾ ನಿಂತಿದ್ದೀರ್ರೇ ಎಲ್ಲ? ಬಾಣಂತಿ ಬಾಯಿ ಒಣಗೈತೆ. ನೀರು ಬಿಡ್ರಿ ಒಂದು ತೊಟ್ಟು!"

ತಾನೇ ಬಂದು, ಮೂವತ್ತು ನಲವತ್ತು ವರ್ಷ ಬಾಣಂತಿಯರ ಬಾಯಿಗೆ ನೀರು ಬಿಟ್ಟ ಕೈಯಲ್ಲಿ ಎಲೆಯೊಂದನ್ನು ಬಾಗಿಸಿ ಹಿಡಿದಳು. ಮೇಸ್ತ್ರಮ್ಮ ಎಲೆಯ ತುದಿಯಿಂದ ತೊಟ್ಟಿಕ್ಕಿದ ನೀರನ್ನು ಕಣ್ಣು ಮುಚ್ಚಿ ಕುಡಿಯಿತು. ಅದು ಚೇತರಿಸಿಕೊಂಡು ಹಸಿರಿಗೆ ತಿರುಗಿದ ಮೇಲೆ ಪುಟ್ಟೇನಹಳ್ಳಿ ಕೆರೆಯ ಏರಿಯ ಪೊದೆಗೆ ಬಿಟ್ಟು ಬಂದೆವು. ಈ ಸಲ ನಾನು ಅಳಲಿಲ್ಲ. ಅಕ್ಕನಿಗೆ ಹೆಣ್ಣುಮಗು ಹುಟ್ಟಿತು. ಅಜ್ಜಿ ಮಗುವನ್ನು ಬೆಳಕಿಗೆ ಹಿಡಿದು ಮುಂದೆ ಹಿಂದೆ ನೋಡಿ, ಒಂದೇ ಬಣ್ಣ ಎಂದು ಎಲ್ಲರಿಗೂ ಸಾರಿದಳು.

ಬಾಣಂತನ ಮುಗಿದ ಮೇಲೆ ಅಪ್ಪ ಅಡಿಗೆಮನೆಗೆ ಕೆಂಪು ನೆಲ ಹಾಕಿದ. ಗಾರೆ ಕಲಸುವ ಮೊದಲು ನನ್ನನ್ನೂ ಅವ್ವನನ್ನೂ ಕೂರಿಸಿಕೊಂಡು, ಅವಳು ಎಲ್ಲಿ ಕೂತು ಹೆಚ್ಚುತ್ತಾಳೆ, ಎಲ್ಲಿ ಒರಳಿಟ್ಟು ರುಬ್ಬುತ್ತಾಳೆ, ನೀರು ಯಾವ ಕಡೆ ಹರಿಯಬೇಕು ಎಂದು ಕೇಳಿಕೊಂಡ. ಹಾಗೆ ಕೇಳಿ ನೆಲ ಹಾಕಿದ್ದು ಅವನ ಜೀವನದಲ್ಲೇ ಮೊದಲಂತೆ. ಮೊದಲ ದಿನ ಅವ್ವ ಅದರ ಮೇಲೆ ಕಾಲಿಡದೆ ಹೊಸ್ತಿಲಲ್ಲೇ ಕೂತು ಅಡಿಗೆಮನೆಯನ್ನು ನೋಡಿದಳು. ಮುಂದೆ ನಾನೂ ಅಪ್ಪನ ಜೊತೆ ಕೆಲಸಕ್ಕೆ ಹೋಗತೊಡಗಿದೆ. ಆರ್.ಟಿ. ನಗರದಲ್ಲಿ ಸಾಲು ಸಾಲು ಮನೆಗಳು ಎದ್ದಾಗ ನಾನೇ ಆಳುಗಳನ್ನಿಟ್ಟುಕೊಂಡು ನೆಲ ಹಾಕಿಸಿದೆ. ಹೆಂಗಸು ಮೇಸ್ತ್ರಿಯೇ ಎಂದು ಮೊದಮೊದಲು ನಗುತ್ತಿದ್ದವರು, ನಾನು ಅವರ ಮನೆಯ ಮುದುಕಿಯರನ್ನೂ ಮಕ್ಕಳನ್ನೂ ಕರೆದು ಯಾರು ಎಲ್ಲಿ ಓಡಾಡುತ್ತೀರೆಂದು ಕೇಳಿ ಕೆಲಸ ಶುರುಮಾಡುವುದನ್ನು ಕಂಡು ಸುಮ್ಮನಾಗುತ್ತಿದ್ದರು.

ಮೇಸ್ತ್ರಮ್ಮ ಇಟ್ಟುಹೋದ ಮೊಟ್ಟೆಗಳನ್ನು ಆ ವರ್ಷ ನಾವು ಕೆದಕಲಿಲ್ಲ. ಚಳಿಗಾಲ ಹೋಯಿತು, ಬೇಸಿಗೆ ಬಂತು. ಮಣ್ಣು ಒಣಗದಂತೆ ನಾಲ್ಕು ದಿನಕ್ಕೊಮ್ಮೆ ನಾನು ನೀರು ಚಿಮುಕಿಸುತ್ತಿದ್ದೆ. ಓಣಿಯವರು ಕಲ್ಲಿಗೆ ನೀರು ಹಾಕಿದ ಹಾಗೆ ಎಂದು ನಗುತ್ತಿದ್ದರು. ಮುಂಗಾರಿಗೆ ಮುಂಚಿನ ಮಳೆ ಎರಡು ದಿನ ಹೊಡೆದ ಮೇಲೆ, ಒಂದು ಬೆಳಿಗ್ಗೆ ಹಿತ್ತಲಿನಿಂದ ಅಜ್ಜಿಯ ಕೂಗು ಕೇಳಿತು.

"ಬರ್ರೋ, ಬರ್ರೋ! ಮಕ್ಕಳು ಎದ್ದವ್ರೆ!"

ಮಣ್ಣು ಅಲ್ಲಲ್ಲಿ ಮಿಸುಕಾಡುತ್ತಿತ್ತು. ನನ್ನ ಕಿರುಬೆರಳಿನಷ್ಟೂ ಇಲ್ಲದ ಮರಿಗಳು ಒಂದರ ಹಿಂದೊಂದು ತಲೆ ಹೊರಗೆ ಹಾಕಿ, ಮಣ್ಣು ಕೊಡವಿಕೊಂಡು, ತೂಗಾಡುತ್ತ ಹೊಂಗೆ ಕೊಂಬೆಯ ಕಡೆಗೆ ನಡೆದವು. ಅಪ್ಪ ಕೆಲಸಕ್ಕೆ ಹೊರಟವನು ಸೈಕಲ್ಲನ್ನು ಗೋಡೆಗೆ ಒರಗಿಸಿ ಬಂದು ಕೂತ. ಅವ್ವ ಒಲೆಯ ಮೇಲಿನ ಹಾಲು ಮರೆತಳು. ನಗುತ್ತಿದ್ದ ಓಣಿಯವರೆಲ್ಲ ಬೇಲಿಯಾಚೆ ಸಾಲುಗಟ್ಟಿ ನಿಂತರು. ಅಜ್ಜಿ ಕೋಲು ಹಿಡಿದು ಕೋಳಿಗಳನ್ನು ಓಡಿಸುತ್ತಿದ್ದಳು. ಕೊನೆಯ ಮರಿಯನ್ನೂ ಬೇಲಿಗೆ ಹತ್ತಿಸುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಅಪ್ಪ ನನ್ನನ್ನೂ ಸೈಕಲ್ಲಿನ ಮುಂದೆ ಕೂರಿಸಿಕೊಂಡು ಜಾಲಹಳ್ಳಿಗೆ ಹೊರಟ. ಕೆಲಸದ ಜಾಗದಲ್ಲಿ ಗುತ್ತಿಗೆದಾರರು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

"ಏನಯ್ಯ ಇದು, ಅರ್ಧ ದಿನ ಹೋಯ್ತು! ಯಾವತ್ತೂ ತಡ ಮಾಡಿದೋನಲ್ಲ ನೀನು."

ಅಪ್ಪ ತಲೆಯ ರುಮಾಲು ತೆಗೆದು ಹೆಗಲಿಗೆ ಹಾಕಿಕೊಂಡ. ನನ್ನ ಭುಜ ಹಿಡಿದು ಮುಂದಕ್ಕೆ ತಂದು ನಿಲ್ಲಿಸಿದ.

"ಇವಳು ನನ್ ಮಗಳು ಸ್ವಾಮಿ. ಮನೇಲಿ ಒಂದು ನೆಲ ಆಕಿದ್ಲು. ಇವತ್ತು ಅದ್ರೊಳಗಿಂದ ಅತ್ತೊಂಬತ್ತು ಮರಿ ಎದ್ದು ಬಂದ್ವು. ನೋಡ್ದೆ ಎಂಗೆ ಬರಾನ ಏಳಿ?"

ಗುತ್ತಿಗೆದಾರರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮೊಣಕಾಲೂರಿದ್ದ ಆಳುಗಳು ಒಬ್ಬೊಬ್ಬರಾಗಿ ಕರಣೆ ಕೆಳಗಿಟ್ಟು ಎದ್ದು ನಿಂತರು.

"ಹತ್ತೊಂಬತ್ತಾ?" ಎಂದು ಹಿಂದಿನಿಂದ ಯಾರೋ ಕೇಳಿದರು.

ಅಪ್ಪ ಬಾಯಿ ತೆರೆಯುವುದಕ್ಕೆ ಮೊದಲೇ, ಇಡೀ ಕಟ್ಟಡಕ್ಕೆ ಕೇಳುವ ಹಾಗೆ, ನಾನೇ ಹೇಳಿದೆ:

"ಹತ್ತೊಂಬತ್ತು. ಒಂದೂ ಕಮ್ಮಿ ಇಲ್ಲ."